ನಾಟಿ ಬೀಜ ಉಳಿಸುವ ಮತ್ತು ಹಂಚುವ ಕ್ರಮ: ಬಿತ್ತನೆಗೆ ಮುಂಚಿನಿಂದ ನೆರೆಮನೆಗೆ ಕೊಡುವವರೆಗೆ

ಬೀಜ ಮೇಳದಿಂದ ರತ್ನಚೂಡಿ ಭತ್ತವನ್ನೋ ಈರನಗೆರೆ ಬದನೆಯನ್ನೋ ತಂದು ಆಸೆಯಿಂದ ಬಿತ್ತಿದವರಲ್ಲಿ ಹಲವರು ಎರಡು ಮೂರು ವರ್ಷಗಳಲ್ಲಿ ಒಂದೇ ಬಗೆಯ ದೂರು ಹೇಳುತ್ತಾರೆ. ಭತ್ತದಲ್ಲಿ ಬೆರಕೆ ತೆನೆ ಹೆಚ್ಚಿದೆ, ಬದನೆಯ ಬಣ್ಣ ಮತ್ತು ಆಕಾರ ಬದಲಾಗಿದೆ, ಅವರೆ ಕಾಳು ಡಬ್ಬಿಯಲ್ಲೇ ತೂತುಬಿದ್ದಿದೆ, ಇಲ್ಲವೇ ಬಿತ್ತಿದ್ದು ಮೊಳೆಯಲೇ ಇಲ್ಲ. ಊಟಕ್ಕೂ ಮಾರಾಟಕ್ಕೂ ಹೋದ ಮೇಲೆ ಉಳಿದ ರಾಶಿಯಿಂದ ಬೀಜ ತೆಗೆಯುವ ರೂಢಿಯೇ ಈ ಸೋಲುಗಳಲ್ಲಿ ಹೆಚ್ಚಿನವುಗಳ ಮೂಲ. ಕಣದಲ್ಲಿ ರಾಶಿ ಬಿದ್ದ ಮೇಲೆ ಯಾವ ಕಾಳು ಯಾವ ಗಿಡದ್ದು, ಯಾವ ಗಿಡಕ್ಕೆ ರೋಗ ತಗುಲಿತ್ತು ಎಂಬುದನ್ನು ಯಾರೂ ಹೇಳಲಾರರು. ಆದ್ದರಿಂದ ಬೀಜದ ಕೆಲಸ ಬಿತ್ತುವ ಮುಂಚೆಯೇ ಶುರುವಾಗಬೇಕು, ಮತ್ತು ಮುಂದಿನ ಹಂತಗಳನ್ನು ಇಲ್ಲಿ ಕೊಟ್ಟಿರುವ ಅನುಕ್ರಮದಲ್ಲೇ ಮಾಡಬೇಕು.

ಹಂತ 1: ಬೆಳೆಯ ಸ್ವಭಾವವನ್ನು ಮೊದಲು ತಿಳಿಯಿರಿ

ಕೈಯಲ್ಲಿರುವ ಬೀಜ ಹೈಬ್ರಿಡ್ ಅಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಪೊಟ್ಟಣದ ಮೇಲೆ ‘ಎಫ್1’ ಅಥವಾ ‘ಹೈಬ್ರಿಡ್’ ಎಂದಿದ್ದರೆ ಅದರ ಬೀಜ ಉಳಿಸಿ ಫಲವಿಲ್ಲ; ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದು ಒಂದೊಂದು ಗಿಡ ಒಂದೊಂದು ರೀತಿ ಬರುತ್ತದೆ. ಆದರೆ ಕೃಷಿ ವಿಶ್ವವಿದ್ಯಾಲಯದಿಂದ ಬಂದದ್ದೆಲ್ಲವೂ ಹೈಬ್ರಿಡ್ ಎಂದು ಭಾವಿಸುವುದು ತಪ್ಪು. ಇಂಡಾಫ್ ರಾಗಿಯಂತಹ ಸುಧಾರಿತ ತಳಿಗಳ ಬೀಜವನ್ನು ನಾಟಿ ತಳಿಯಂತೆಯೇ ಉಳಿಸಿಕೊಳ್ಳಬಹುದು.

ಅನಂತರ ಆ ಬೆಳೆ ಪರಾಗವನ್ನು ಎಲ್ಲಿಂದ ಪಡೆಯುತ್ತದೆ ಎಂದು ನೋಡಬೇಕು. ಭತ್ತ, ರಾಗಿ, ನವಣೆ, ಹೆಸರು, ಉದ್ದು, ಟೊಮ್ಯಾಟೊ ಬಹುಪಾಲು ತಮ್ಮ ಹೂವಿನಲ್ಲೇ ಕಾಯಿ ಕಟ್ಟುತ್ತವೆ. ಭತ್ತದ ಅಥವಾ ರಾಗಿಯ ಎರಡು ತಳಿಗಳ ನಡುವೆ 3 ಮೀಟರ್ ಅಂತರವಿದ್ದರೆ ಸಾಕು. ಬದನೆ, ಮೆಣಸಿನಕಾಯಿ, ಬೆಂಡೆ, ತೊಗರಿ ಮತ್ತು ಜೋಳದಲ್ಲಿ ಸ್ವಂತ ಪರಾಗವೂ ನಡೆಯುತ್ತದೆ, ಗಾಳಿಯೋ ಜೇನ್ನೊಣವೋ ತರುವ ಪರಾಗವೂ ಸೇರುತ್ತದೆ. ಬದನೆಗೆ ಕನಿಷ್ಠ 100 ಮೀಟರ್, ಮೆಣಸಿನಕಾಯಿಗೆ ಮತ್ತು ಬೆಂಡೆಗೆ 200 ಮೀಟರ್ ದೂರ ಬೇಕು. ಕುಂಬಳ, ಹೀರೆ, ಸೋರೆ, ಸೌತೆ, ಸಜ್ಜೆ, ಮುಸುಕಿನ ಜೋಳಗಳು ಬಹುಮಟ್ಟಿಗೆ ಹೊರಗಿನ ಪರಾಗವನ್ನೇ ಆಶ್ರಯಿಸುವಂಥವು. ಬಳ್ಳಿ ತರಕಾರಿಗಳಲ್ಲಿ ಅದೇ ಜಾತಿಯ ಇನ್ನೊಂದು ತಳಿ 500 ಮೀಟರ್ ಒಳಗೆ ಇರಬಾರದು.

ಇಲ್ಲಿ ಜಾತಿಯ ತಿಳಿವಳಿಕೆ ಮುಖ್ಯ. ಬೂದುಗುಂಬಳಕ್ಕೂ ಸಿಹಿಗುಂಬಳಕ್ಕೂ ಬೆರಕೆಯಾಗುವುದಿಲ್ಲ, ಅವೆರಡನ್ನೂ ಒಂದೇ ಹಿತ್ತಿಲಿನಲ್ಲಿ ಹಬ್ಬಿಸಬಹುದು. ಮಂಗಳೂರು ಸೌತೆ ಕರಬೂಜದ ಜಾತಿಗೆ ಸೇರಿದ್ದರಿಂದ ಕರಬೂಜದೊಡನೆ ಬೆರೆಯುತ್ತದೆಯೇ ಹೊರತು ಮುಳ್ಳುಸೌತೆಯೊಡನೆ ಬೆರೆಯುವುದಿಲ್ಲ.

ಎರಡು ಮೂರು ಎಕರೆಯ ಹಿಡುವಳಿಯಲ್ಲಿ ಇಷ್ಟು ದೂರ ಸಿಗುವುದು ಕಷ್ಟ. ಹೂ ಬಿಡುವ ಕಾಲದಲ್ಲಿ ಮೂರು ವಾರಗಳ ವ್ಯತ್ಯಾಸ ಬರುವಂತೆ ಬಿತ್ತುವುದು ಒಂದು ದಾರಿ. ಹೂವಿಗೆ ಚೀಲ ಕಟ್ಟುವುದು ಇನ್ನೊಂದು. ಅಕ್ಕಪಕ್ಕದ ಹೊಲದವರೊಡನೆ ಮಾತಾಡಿ, ಆ ವರ್ಷ ಎಲ್ಲರೂ ಒಂದೇ ತಳಿ ಬೆಳೆಯುವಂತೆ ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಉಡುಪಿ ಬಳಿಯ ಮಟ್ಟು ಗ್ರಾಮದ ಗುಳ್ಳದಂತೆ ಸುತ್ತಲಿನ ಗದ್ದೆಗಳಲ್ಲೂ ಅದೇ ಬದನೆ ಇದ್ದರೆ ಬೆರಕೆಯ ಭಯ ತಾನಾಗಿಯೇ ಕಡಿಮೆಯಾಗುತ್ತದೆ.

ಹಂತ 2: ಸಾಮಗ್ರಿ ಸಿದ್ಧಪಡಿಸಿಕೊಳ್ಳಿ

ಗಿಡ ಗುರುತಿಸಲು ಬಣ್ಣದ ದಾರ ಅಥವಾ ಹಳೆಯ ಸೀರೆಯ ಅಂಚಿನ ಪಟ್ಟಿ, ಹೂವಿಗೆ ಕಟ್ಟಲು ತೆಳುವಾದ ಹತ್ತಿ ಬಟ್ಟೆಯ ಚೀಲಗಳು, ಮೊರ, ಜರಡಿ, ಚಾಪೆ, ಬಿಗಿಯಾದ ಮುಚ್ಚಳದ ಗಾಜಿನ ಅಥವಾ ಸ್ಟೀಲಿನ ಡಬ್ಬಿಗಳು, ಮಡಕೆ, ಸೋಸಿದ ಒಣ ಬೂದಿ, ಸೀಸದಕಡ್ಡಿ, ದಪ್ಪ ಕಾಗದದ ಚೀಟಿಗಳು ಮತ್ತು ಒಂದು ನೋಟ್‌ಬುಕ್ ಬೇಕು. ಇವುಗಳಲ್ಲಿ ಜನ ಕೈಬಿಡುವುದು ನೋಟ್‌ಬುಕ್ಕನ್ನು. ಹಂಚುವ ಹಂತಕ್ಕೆ ಬಂದಾಗ ಅದಿಲ್ಲದೆ ಕೆಲಸ ಸಾಗುವುದಿಲ್ಲ.

ಹಂತ 3: ಬೆರಕೆ ಕೀಳಿ, ಆಮೇಲೆ ತೆನೆ ಗುರುತಿಸಿ

ಬೀಜಕ್ಕೆಂದು ಒಂದು ತಾಕನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಉತ್ತಮ. ಒಂದು ಎಕರೆ ನಾಟಿಗೆ ಬೇಕಾಗುವ ಭತ್ತದ ಬೀಜವನ್ನು ಒಂದು ಗುಂಟೆಯ ತಾಕಿನಿಂದ ನೆಮ್ಮದಿಯಾಗಿ ಪಡೆಯಬಹುದು. ತಿಪ್ಪೆಯ ಪಕ್ಕದ ಜಾಗವನ್ನೂ ನೀರು ನಿಲ್ಲುವ ಮೂಲೆಯನ್ನೂ ಇದಕ್ಕೆ ಆರಿಸಬಾರದು, ಏಕೆಂದರೆ ಅಲ್ಲಿ ಗಿಡ ಸೊಂಪಾಗಿ ಕಾಣುವುದು ನೆಲದ ಬಲದಿಂದ, ತಳಿಯ ಗುಣದಿಂದಲ್ಲ. ಹಿಂದಿನ ವರ್ಷ ಅದೇ ತಾಕಿನಲ್ಲಿ ಬೇರೆ ತಳಿ ಇದ್ದರೆ ಉದುರಿದ ಕಾಳು ಮೊಳೆತು ಬೆರಕೆಯಾಗುತ್ತದೆ. ಮೊದಲ ಮಳೆಗೆ ಅವು ಮೊಳೆತ ಮೇಲೆ ಉಳುಮೆ ಮಾಡಿ, ಅನಂತರ ಬಿತ್ತಬೇಕು.

ಬೆರಕೆ ಕೀಳುವ ಕೆಲಸವನ್ನು ಮೂರು ಬಾರಿ ಮಾಡಬೇಕು. ತೆಂಡೆ (ಬುಡದಿಂದ ಬರುವ ಹೊಸ ಕವಲು) ಒಡೆಯುವಾಗ ಕಾಂಡದ ಬುಡದ ಬಣ್ಣ ಮತ್ತು ಎಲೆಯ ಅಗಲ ನೋಡಿ ಬೇರೆಯಾಗಿ ಕಾಣುವುದನ್ನು ತೆಗೆಯಿರಿ. ಹೂ ಬರುವಾಗ, ಎಲ್ಲಕ್ಕಿಂತ ಮುಂಚೆ ಅಥವಾ ತೀರ ತಡವಾಗಿ ತೆನೆ ಹಾಯ್ದ ಗಿಡಗಳನ್ನು ತೆಗೆಯಿರಿ. ಈ ಸಮಯ ಕೈತಪ್ಪಿದರೆ ಪರಾಗ ಹರಡಿಬಿಡುತ್ತದೆ, ಆಮೇಲೆ ಕಿತ್ತು ಪ್ರಯೋಜನ ಕಡಿಮೆ. ಕಾಳು ಬಲಿತಾಗ ಭತ್ತದಲ್ಲಿ ಮೀಸೆ ಇದೆಯೋ ಇಲ್ಲವೋ, ಹೊಟ್ಟಿನ ಬಣ್ಣ ಯಾವುದು, ರಾಗಿಯಲ್ಲಿ ಇಲುಕುಗಳು (ತೆನೆಯ ಬೆರಳುಗಳು) ಮುಷ್ಟಿಯಂತೆ ಮುಚ್ಚಿವೆಯೋ ತೆರೆದಿವೆಯೋ ಎಂದು ನೋಡಿ ಕೊನೆಯ ಸುತ್ತು ಮುಗಿಸಿ. ಕಿತ್ತ ಗಿಡವನ್ನು ಬದುವಿನ ಮೇಲೆ ಒಗೆಯದೆ ಹೊಲದಿಂದ ಹೊರಗೆ ಸಾಗಿಸಬೇಕು.

ಇದಾದ ಮೇಲೆಯೇ ತೆನೆಗಳ ಆಯ್ಕೆ. ಅಂಚಿನ ಒಂದು ಮೀಟರ್ ಬಿಟ್ಟು ಒಳಗೆ ನಡೆಯುತ್ತ, ತಾಕಿನ ಎಲ್ಲ ಕಡೆಯಿಂದಲೂ ಆರಿಸಬೇಕು. ಅತಿ ದೊಡ್ಡ ತೆನೆಯನ್ನೇ ಹುಡುಕುತ್ತ ಹೋಗುವುದು ಬಹಳ ಜನ ಮಾಡುವ ತಪ್ಪು. ನಾಟಿ ತಳಿಯೊಳಗೆ ಸ್ವಲ್ಪ ಏರುಪೇರು ಇರುವುದು ಸಹಜ, ಮತ್ತು ಮಳೆ ಕೈಕೊಟ್ಟ ವರ್ಷದಲ್ಲಿ ಬೆಳೆಯನ್ನು ಕಾಯುವುದು ಆ ಏರುಪೇರೇ. ತಳಿಯ ಗುಣಕ್ಕೆ ಹೊಂದುವ, ಗಟ್ಟಿಯಾಗಿ ನಿಂತ, ಬುಡದಿಂದ ತುದಿಯವರೆಗೆ ಕಾಳು ತುಂಬಿದ, ರೋಗವಿಲ್ಲದ ಗಿಡಗಳು ಯೋಗ್ಯ. ಭತ್ತ, ರಾಗಿ ಮತ್ತು ಜೋಳದಲ್ಲಿ ಕನಿಷ್ಠ 100 ಗಿಡಗಳಿಂದ, ಬದನೆ ಮತ್ತು ಮೆಣಸಿನಕಾಯಿಯಲ್ಲಿ 15 ರಿಂದ 20 ಗಿಡಗಳಿಂದ, ಬಳ್ಳಿ ತರಕಾರಿಯಲ್ಲಿ ಸಾಧ್ಯವಾದರೆ ಹತ್ತು ಬಳ್ಳಿಗಳಿಂದ ಬೀಜ ತೆಗೆಯಬೇಕು. ಒಂದೇ ಸೊಗಸಾದ ಕುಂಬಳಕಾಯಿಯಿಂದ ವರ್ಷ ವರ್ಷವೂ ಬೀಜ ತೆಗೆಯುತ್ತಿದ್ದರೆ ತಳಿಯ ಹರವು ಕುಗ್ಗುತ್ತ ಹೋಗುತ್ತದೆ.

ತರಕಾರಿಯಲ್ಲಿ ಮೊದಲ ಒಂದೆರಡು ಕಾಯಿಗಳನ್ನು ಅಡುಗೆಗೆ ಬಳಸಿ, ಆಮೇಲೆ ಬಂದ ಒಳ್ಳೆಯ ಕಾಯಿಗಳನ್ನು ಬೀಜಕ್ಕೆ ಬಿಡಿ. ಸಾಯುವ ಗಿಡದ ಕೊನೆಯ ಕಾಯಿಯನ್ನು ಬೀಜಕ್ಕೆ ಬಿಟ್ಟರೆ ಬೀಜ ಜೊಳ್ಳಾಗಿರುತ್ತದೆ. ಆರಿಸಿದ ಕಾಯಿಗೆ ದಾರ ಕಟ್ಟುವುದರ ಜೊತೆಗೆ ಮನೆಯವರೆಲ್ಲರಿಗೂ ಅದನ್ನು ತೋರಿಸಿರಬೇಕು. ದಾರದ ಅರ್ಥ ಒಬ್ಬರಿಗೆ ಮಾತ್ರ ಗೊತ್ತಿದ್ದುದರಿಂದ ಸಾರಿಗೆ ಹೋದ ಬೀಜದ ಕಾಯಿಗಳಿಗೆ ಲೆಕ್ಕವಿಲ್ಲ.

ಅಪಾಯದ ಸೂಚನೆಗಳು: ಜೋಳದಲ್ಲಿ ಕಾಡಿಗೆ ರೋಗದ ತೆನೆ ಕಂಡರೆ ಅಲುಗಾಡಿಸದೆ ಚೀಲದೊಳಗೆ ಕತ್ತರಿಸಿ ಸುಡಬೇಕು, ಕಪ್ಪು ಪುಡಿ ಒಳ್ಳೆಯ ಕಾಳಿಗೆ ಅಂಟಿದರೆ ಮುಂದಿನ ವರ್ಷ ರೋಗ ಬೀಜದೊಡನೆಯೇ ಬರುತ್ತದೆ. ರಾಗಿಯಲ್ಲಿ ತೆನೆಯ ಕುತ್ತಿಗೆ ಕಪ್ಪಾಗಿದ್ದರೆ ಅದು ಬೆಂಕಿ ರೋಗ. ಅಲಸಂದೆಯಲ್ಲಿ ಎಲೆ ಮುದುಡಿ ಹಸಿರು-ಹಳದಿ ಮಚ್ಚೆಗಳಿದ್ದರೆ ಕಾಳು ಎಷ್ಟೇ ಚೆನ್ನಾಗಿದ್ದರೂ ಆ ಗಿಡದ ಬೀಜ ಬೇಡ.

ಹಂತ 4: ಬೆರಕೆಯಾಗುವ ಬೆಳೆಯ ಹೂವನ್ನು ಕಾಯಿರಿ

ಬದನೆ ಮತ್ತು ಮೆಣಸಿನಕಾಯಿಗೆ ಚೀಲವೇ ಸಾಕು. ಮೊಗ್ಗು ಅರಳುವ ಮುಂಚೆ ಕೊಂಬೆಗೆ ಬಟ್ಟೆಯ ಚೀಲ ಕಟ್ಟಿ, ದಿನಕ್ಕೊಮ್ಮೆ ಕೊಂಬೆಯನ್ನು ಮೆಲ್ಲಗೆ ಅಲುಗಿಸಿ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ಆ ಕಾಯಿಗೆ ದಾರ ಕಟ್ಟಿ.

ಬಳ್ಳಿ ತರಕಾರಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಹಿಂದೆ ಎಳೆ ಕಾಯಿ ಇರುತ್ತದೆ. ಇಲ್ಲಿ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಸಿಹಿಗುಂಬಳದ ಹೂ ಬೆಳಗ್ಗೆ ಅರಳುತ್ತದೆ. ಹಿಂದಿನ ಸಂಜೆಯೇ, ಹಳದಿ ಬಣ್ಣ ಕಂಡು ಮರುದಿನ ಅರಳಲಿರುವ ಗಂಡು ಮತ್ತು ಹೆಣ್ಣು ಮೊಗ್ಗುಗಳ ತುದಿಯನ್ನು ದಾರದಿಂದ ಕಟ್ಟಿಡಿ. ಬೆಳಗ್ಗೆ ಬಿಸಿಲೇರುವ ಮುಂಚೆ ಬೇರೊಂದು ಬಳ್ಳಿಯ ಗಂಡು ಹೂ ಕಿತ್ತು, ಎಸಳು ತೆಗೆದು, ಅದರ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಭಾಗಕ್ಕೆ ಚೆನ್ನಾಗಿ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಡಿ. ಸೋರೆ ಮತ್ತು ಹೀರೆಯ ಹೂಗಳು ಅರಳುವುದು ಸಂಜೆ, ಆದ್ದರಿಂದ ಅವುಗಳಿಗೆ ಮಧ್ಯಾಹ್ನವೇ ಕಟ್ಟಿ ಸಂಜೆ ಪರಾಗ ಮುಟ್ಟಿಸಬೇಕು. ಸೋರೆಗೆ ಬೆಳಗ್ಗೆ ಈ ಕೆಲಸ ಮಾಡಿ, ಕಾಯಿ ಹಳದಿಯಾಗಿ ಉದುರಿತೆಂದು ಕೈಬಿಟ್ಟವರು ಹಲವರಿದ್ದಾರೆ. ಅವರು ಹೊತ್ತು ಬದಲಿಸಿ ಮತ್ತೊಮ್ಮೆ ಮಾಡಿ ನೋಡಬೇಕು.

ಹಂತ 5: ಕೊಯ್ಲು, ಒಕ್ಕಣೆ ಮತ್ತು ಬೀಜ ಬೇರ್ಪಡಿಸುವುದು

ಬೀಜದ ತೆನೆಗಳನ್ನು ಉಳಿದ ಬೆಳೆಗಿಂತ ಮೊದಲೇ ಕೈಯಿಂದ ಕೊಯ್ದು ಬೇರೆ ಕಟ್ಟಬೇಕು. ಮಂಜು ಆರಿದ ಮೇಲೆ ಕೊಯ್ಯಿರಿ. ತೆನೆಗಳನ್ನು ಒಂದೆರಡು ದಿನ ನೆರಳಿನಲ್ಲಿ ತೂಗುಹಾಕಿ, ಆಮೇಲೆ ಚಾಪೆಯ ಮೇಲೆ ಕೈಯಿಂದ ಬಡಿಯಿರಿ ಅಥವಾ ಉಜ್ಜಿರಿ. ಬಾಡಿಗೆಯ ಒಕ್ಕಣೆ ಯಂತ್ರಕ್ಕೆ ಬೀಜದ ತೆನೆ ಕೊಡಬೇಡಿ. ಹಿಂದಿನ ಹೊಲದ ಕಾಳು ಯಂತ್ರದೊಳಗೆ ಉಳಿದಿರುತ್ತದೆ, ಕಾಳಿನ ಮೂತಿಗೂ ಪೆಟ್ಟು ಬೀಳುತ್ತದೆ. ಒಂದು ದಿನ ಒಂದೇ ತಳಿಯನ್ನು ಒಕ್ಕಿ, ಕಣ, ಮೊರ, ಜರಡಿಗಳನ್ನು ಗುಡಿಸಿ ಒರೆಸಿದ ಮೇಲೆ ಮುಂದಿನ ತಳಿಗೆ ಕೈಹಾಕಿ. ಹೊಲದಲ್ಲಿ ಕಾಪಾಡಿದ ತಳಿ ಕಣದಲ್ಲಿ ಕೆಡುವುದು ಬಹಳ ಸಾಮಾನ್ಯ.

ಬದನೆಕಾಯಿ ಹಳದಿಯಾಗಿ, ಮೆದುವಾಗುವವರೆಗೆ ಗಿಡದಲ್ಲೇ ಇರಬೇಕು. ಕಿತ್ತ ಮೇಲೆ ನಾಲ್ಕೈದು ದಿನ ಇಟ್ಟು, ಹಿಸುಕಿ, ನೀರಿನಲ್ಲಿ ತೊಳೆದು, ತಳದಲ್ಲಿ ಕೂತ ಬೀಜವನ್ನು ಮಾತ್ರ ತೆಗೆದುಕೊಳ್ಳಿ. ಟೊಮ್ಯಾಟೊ ಮತ್ತು ಸೌತೆಯ ಬೀಜಕ್ಕೆ ಲೋಳೆ ಅಂಟಿರುತ್ತದೆ. ತಿರುಳಿನ ಸಮೇತ ಒಂದೆರಡು ದಿನ ಹುಳಿಯಲು ಬಿಟ್ಟು, ಲೋಳೆ ಕಳಚಿದ ಕೂಡಲೇ ತೊಳೆಯಬೇಕು. ಹೆಚ್ಚು ದಿನ ಬಿಟ್ಟರೆ ಬೀಜ ಅಲ್ಲೇ ಮೊಳೆಯುತ್ತದೆ. ಹೀರೆ ಮತ್ತು ಸೋರೆ ಬಳ್ಳಿಯಲ್ಲೇ ಒಣಗಿ, ಅಲುಗಿಸಿದರೆ ಗಲಗಲ ಎನ್ನಬೇಕು. ಬೆಂಡೆಕಾಯಿ ಗಿಡದಲ್ಲೇ ಒಣಗಿ ಬಿರಿಯುವ ಹಂತಕ್ಕೆ ಬರಬೇಕು.

ಹಂತ 6: ಒಣಗಿಸುವುದು

ಬೀಜ ಕೆಡುವುದಕ್ಕೆ ಹುಳಕ್ಕಿಂತ ದೊಡ್ಡ ಕಾರಣ ತೇವ. ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದರೆ ಅದರ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ ಎಂಬುದು ಬೀಜ ವಿಜ್ಞಾನದ ಒಂದು ಸ್ಥೂಲ ಲೆಕ್ಕ. ಭತ್ತ ಶೇ. 13, ರಾಗಿ ಶೇ. 12, ದ್ವಿದಳ ಕಾಳು ಶೇ. 9, ಬದನೆ ಮತ್ತು ಮೆಣಸಿನಕಾಯಿ ಬೀಜ ಶೇ. 8ಕ್ಕಿಂತ ಕೆಳಗೆ ಬರಬೇಕು.

ಚಾಪೆಯ ಮೇಲೆ ತೆಳುವಾಗಿ ಹರಡಿ, ಎಳೆ ಬಿಸಿಲಿನಲ್ಲಿ ಮತ್ತು ಇಳಿ ಬಿಸಿಲಿನಲ್ಲಿ ಮೂರ್ನಾಲ್ಕು ದಿನ ಒಣಗಿಸಿ, ಆಗಾಗ ಕೈಯಾಡಿಸಿ. ನಡು ಮಧ್ಯಾಹ್ನ ಸಿಮೆಂಟಿನ ಅಂಗಳದಲ್ಲಿ, ತಗಡಿನ ಮೇಲೆ ಅಥವಾ ಡಾಂಬರು ರಸ್ತೆಯ ಮೇಲೆ ಹಸಿ ಬೀಜ ಹರಡಿದರೆ ಭ್ರೂಣವೇ ಸಾಯುತ್ತದೆ, ಹೊರಗೆ ಕಾಳು ಚೆನ್ನಾಗಿಯೇ ಕಾಣುತ್ತದೆ. ತೊಳೆದ ತರಕಾರಿ ಬೀಜವನ್ನು ಮೊದಲ ಎರಡು ದಿನ ಗಾಳಿಯಾಡುವ ನೆರಳಿನಲ್ಲೇ ಇಡಿ. ಸಂಜೆ ಒಳಗೆ ತಂದ ಬೀಜ ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ಹೋಗಬೇಕು. ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರುತ್ತದೆ.

ಭತ್ತವನ್ನೋ ಅವರೆಯನ್ನೋ ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕೆಂದು ಮುರಿಯಬೇಕು. ಹಲ್ಲಿನ ಗುರುತು ಮೂಡಿದರೆ ಇನ್ನೂ ಹಸಿ. ಗಾಜಿನ ಬಾಟಲಿಯಲ್ಲಿ ಹುರಿದು ಆರಿಸಿದ ಪುಡಿಯುಪ್ಪು ಮತ್ತು ಬೀಜ ಹಾಕಿ ಕುಲುಕಿ, ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಮೇಲಿದೆ. ಅಂಟದಿದ್ದರೂ ಇನ್ನೊಂದೆರಡು ದಿನದ ಬಿಸಿಲು ಕೊಡಲೇಬೇಕು. ಪರೀಕ್ಷೆಗೆ ಬಳಸಿದ ಬೀಜವನ್ನು ಗಡಿಗೆಗೆ ಮರಳಿಸಬೇಡಿ.

ಹಂತ 7: ಸಂಗ್ರಹ

ಬಯಲುಸೀಮೆಯಲ್ಲಿ ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಸೆಗಣಿ-ಮಣ್ಣು ಮೆತ್ತುವ ಕ್ರಮ ಇಂದಿಗೂ ಕೆಲಸ ಮಾಡುತ್ತದೆ. ಅದನ್ನೇ ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಾಡಿದರೆ ಮಳೆಗಾಲದ ಥಂಡಿ ಮಡಕೆಯ ಗೋಡೆಯನ್ನು ದಾಟಿ ಒಳಗೆ ಇಳಿಯುತ್ತದೆ. ಅಲ್ಲಿ ಸ್ವಲ್ಪ ಪ್ರಮಾಣದ ಬೀಜಕ್ಕೆ ಗಾಳಿಯಾಡದ ಗಾಜಿನ ಡಬ್ಬಿಯೇ ಕ್ಷೇಮ. ಅಕ್ಕಿಯನ್ನು ಕೆಂಪಗೆ ಹುರಿದು, ಮುಚ್ಚಿದ ಪಾತ್ರೆಯಲ್ಲೇ ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಡಬ್ಬಿಯ ತಳದಲ್ಲಿಡಿ. ಅದು ತೇವ ಹೀರುತ್ತದೆ. ಎರಡು ವಾರಕ್ಕೊಮ್ಮೆ ಅದನ್ನು ಮತ್ತೆ ಹುರಿದು ಇಡಬಹುದು. ಸರಿಯಾಗಿ ಒಣಗದ ಬೀಜವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದು ಅತಿ ಕೆಟ್ಟ ತಪ್ಪು.

ಅವರೆ, ತೊಗರಿ, ಅಲಸಂದೆ, ಹೆಸರಿಗೆ ತಗಲುವ ಹುಳ ಹೊಲದಲ್ಲೇ ಮೊಟ್ಟೆಯಿಟ್ಟು ಕಾಳಿನೊಡನೆ ಮನೆಗೆ ಬರುತ್ತದೆ. ಕಾಳಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಮೊಟ್ಟೆ. ತೂತು ಕಾಣುವವರೆಗೆ ಕಾಯಬಾರದು. ಒಂದು ಕಿಲೋ ಕಾಳಿಗೆ 5 ಮಿ.ಲೀ. ಬೇವಿನ ಅಥವಾ ಹರಳೆಣ್ಣೆ ಸವರಿ, ಅಥವಾ ಕೆಮ್ಮಣ್ಣಿನ ರಾಡಿಯಲ್ಲಿ ಅದ್ದಿ ಚೆನ್ನಾಗಿ ಒಣಗಿಸಿ ತುಂಬಿ, ಮೇಲೆ ಒಂದು ಅಂಗುಲ ಒಣ ಮರಳು ಅಥವಾ ಬೂದಿ ಹಾಕಿ. ಲಕ್ಕಿ ಸೊಪ್ಪು ಮತ್ತು ಬೇವಿನ ಸೊಪ್ಪನ್ನು ಪೂರ್ತಿ ಒಣಗಿಸಿಯೇ ಬಳಸಬೇಕು. ಹಸಿ ಸೊಪ್ಪು ಹಾಕಿದರೆ ತೇವ ನಾವೇ ತಂದಂತಾಗುತ್ತದೆ.

ಡಬ್ಬಿಯನ್ನು ನೆಲದ ಮೇಲೂ ಒಲೆಯ ಬಳಿಯೂ ಇಡದೆ, ತಂಪಾದ ಕತ್ತಲೆಯ ಜಾಗದಲ್ಲಿ ಹಲಗೆಯ ಮೇಲಿಡಿ. ಹೆಸರು ಬರೆದ ಚೀಟಿ ಹೊರಗೊಂದು, ಒಳಗೊಂದು ಇರಲಿ. ಹೊರಗಿನದನ್ನು ಇಲಿ ತಿಂದರೂ ಒಳಗಿನದು ಉಳಿಯುತ್ತದೆ. ಮುಗ್ಗಲು ವಾಸನೆ, ಕಾಳು ಒಂದಕ್ಕೊಂದು ಅಂಟುವುದು, ಕೈಯಿಟ್ಟರೆ ಬೆಚ್ಚಗೆನಿಸುವುದು, ತಳದಲ್ಲಿ ಹಿಟ್ಟು ಕಾಣುವುದು: ಇವುಗಳಲ್ಲಿ ಒಂದು ಕಂಡರೂ ಅಂದೇ ಬೀಜವನ್ನು ಹೊರತೆಗೆದು ಒಣಗಿಸಬೇಕು.

ಹಂತ 8: ಮೊಳಕೆ ಪರೀಕ್ಷೆ

ಬಿತ್ತನೆಗೆ ಅಥವಾ ಹಂಚಿಕೆಗೆ ಮೂರು ವಾರ ಮುಂಚೆ, ಆಯದೆ ಎಣಿಸಿದ 100 ಬೀಜಗಳನ್ನು ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಸುರುಳಿ ಸುತ್ತಿ, ನೆರಳಿನಲ್ಲಿ ತೇವ ಆರದಂತೆ ಇಡಿ. ರಾಗಿಯನ್ನು ಎಂಟು ದಿನಕ್ಕೆ, ಭತ್ತ, ಬದನೆ, ಮೆಣಸಿನಕಾಯಿಯನ್ನು ಹದಿನಾಲ್ಕು ದಿನಕ್ಕೆ ಎಣಿಸಿ. ಭತ್ತಕ್ಕೆ 80, ರಾಗಿಗೆ ಮತ್ತು ದ್ವಿದಳ ಕಾಳಿಗೆ 75, ಬದನೆಗೆ 70, ಮೆಣಸಿನಕಾಯಿಗೆ 60 ಬಂದರೆ ಒಳ್ಳೆಯ ಬೀಜ. ಅರ್ಧಕ್ಕಿಂತ ಕಡಿಮೆ ಮೊಳೆತ ಬೀಜವನ್ನು ಬೇರೆಯವರಿಗೆ ಕೊಡಬಾರದು. ಕೆಲವು ನಾಟಿ ಭತ್ತಗಳು ಕೊಯ್ದ ಮೇಲೆ ಕೆಲವು ವಾರ ಸುಪ್ತಾವಸ್ಥೆಯಲ್ಲಿರುತ್ತವೆ. ಕೊಯ್ಲಾದ ಕೂಡಲೇ ಪರೀಕ್ಷಿಸಿ, ಸತ್ತಿದೆಯೆಂದು ಚೆಲ್ಲಬೇಡಿ.

ಹಂತ 9: ಹಂಚುವುದು

ಬೀಜ ಒಂದೇ ಮನೆಯಲ್ಲಿದ್ದರೆ ಒಂದು ಬರ, ಒಂದು ನೆರೆ ಅಥವಾ ಒಂದು ಸೋರುವ ಮಾಡು ಅದನ್ನು ಮುಗಿಸಬಲ್ಲದು. ಕನಿಷ್ಠ ಮೂರು ಮನೆಗಳಲ್ಲಿ, ಅವುಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿ, ಅದೇ ತಳಿ ಇರುವಂತೆ ನೋಡಿಕೊಳ್ಳಿ. ಕೊಡುವ ಮುನ್ನ ನಿಮ್ಮ ಎರಡು ವರ್ಷದ ಬಿತ್ತನೆಗೆ ಬೇಕಾದಷ್ಟನ್ನು ತೆಗೆದಿಡಿ. ಎಷ್ಟೋ ಮನೆಗಳಲ್ಲಿ ಬೀಜದ ಗಡಿಗೆಯನ್ನು ನೋಡಿಕೊಳ್ಳುವವರು ಹೆಣ್ಣುಮಕ್ಕಳು; ಯಾವುದನ್ನು ಎಷ್ಟು ಕೊಡಬಹುದು ಎಂಬುದನ್ನು ಅವರನ್ನು ಕೇಳಿಯೇ ತೀರ್ಮಾನಿಸಬೇಕು.

ಬೀಜದ ಜೊತೆ ಅದರ ಮಾಹಿತಿಯೂ ಹೋಗಬೇಕು. ಉತ್ತರ ಕನ್ನಡದ ಅಘನಾಶಿನಿ ಕಡೆಯ ಕಗ್ಗ ಭತ್ತ ಉಪ್ಪುನೀರಿನ ಗಜನಿ ಗದ್ದೆಗೆ ಹೊಂದಿಕೊಂಡದ್ದು. ಆ ವಿಷಯ ತಿಳಿಸದೆ ಕೊಟ್ಟರೆ ಪಡೆದವರು ತಮ್ಮ ಸಿಹಿನೀರಿನ ಗದ್ದೆಯಲ್ಲಿ ಹಾಕಿ, ತಳಿಯೇ ಸರಿಯಿಲ್ಲ ಎನ್ನುತ್ತಾರೆ. ನಾಟಿ ಅವರೆ ಹಗಲು ಕಿರಿದಾಗುವ ಕಾಲಕ್ಕೆ ಹೂ ಬಿಡುವಂಥದ್ದು. ಬೇಸಿಗೆಯಲ್ಲಿ ಬಿತ್ತಿದರೆ ಬಳ್ಳಿ ಹಬ್ಬುತ್ತದೆ, ಕಾಯಿ ಬರುವುದಿಲ್ಲ. ಆದ್ದರಿಂದ ಚೀಟಿಯಲ್ಲಿ ತಳಿಯ ಹೆಸರು (ನಿಮಗೆ ಕೊಟ್ಟವರು ಹೇಳಿದ ಹಾಗೆಯೇ), ಬೆಳೆದ ಊರು, ಕೊಯ್ದ ತಿಂಗಳು ಮತ್ತು ವರ್ಷ, ಬಿತ್ತುವ ಕಾಲ, ಅವಧಿ, ಮಣ್ಣು ಮತ್ತು ನೀರಿನ ಸ್ಥಿತಿ, ಗುರುತಿನ ಲಕ್ಷಣ, ಮೊಳಕೆಯ ಪ್ರಮಾಣ ಇರಲಿ. ಯಾರಿಗೆ ಎಷ್ಟು ಕೊಟ್ಟಿರಿ ಎಂಬುದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಿಮ್ಮ ಬೀಜ ಕಳೆದರೆ ಮರಳಿ ಕೇಳಲು ಆ ಹಾಳೆಯೇ ಆಧಾರ.

ಒಂದು ಸೇರಿಗೆ ಒಂದೂವರೆ ಅಥವಾ ಎರಡು ಸೇರು ಮರಳಿಸುವ ಪದ್ಧತಿ ಸಮುದಾಯ ಬೀಜ ಬ್ಯಾಂಕುಗಳಲ್ಲಿ ನಡೆಯುತ್ತಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಮರಳಿ ಬಂದ ಬೀಜವನ್ನು ಹಳೆಯ ಗಡಿಗೆಗೆ ಸುರಿಯಬೇಡಿ. ಬೇರೆ ಡಬ್ಬಿಯಲ್ಲಿಟ್ಟು, ಹುಳ ನೋಡಿ, ಸ್ವಲ್ಪ ಬಿತ್ತಿ ಬೆರಕೆಯಿಲ್ಲವೆಂದು ಖಚಿತವಾದ ಮೇಲೆ ಸೇರಿಸಿ.

ಹಂಚುವುದು ಕಾನೂನಿಗೆ ವಿರುದ್ಧವೇ ಎಂದು ಅಳುಕುವವರಿದ್ದಾರೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಕಲಮು ರೈತರಿಗೆ ತಾವು ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಹಂಚುವ ಮತ್ತು ಮಾರುವ ಹಕ್ಕು ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸುವುದು ಬೇರೆಯೇ ವಿಷಯ: ಆಯಾ ದೇಶದ ನಿಯಮ, ಸಸ್ಯ ಆರೋಗ್ಯ ಪ್ರಮಾಣಪತ್ರಗಳನ್ನು ನೋಡದೆ ಸೂಟ್‌ಕೇಸಿನಲ್ಲಿ ಹಾಕಬಾರದು.

ಹಂತ 10: ತಳಿ ಆಗಲೇ ಬೆರಕೆಯಾಗಿದ್ದರೆ

ಭತ್ತ, ರಾಗಿಗಳಲ್ಲಿ ಬೆರಕೆ ಕಂಡ ಮಾತ್ರಕ್ಕೆ ತಳಿಯನ್ನು ಬಿಟ್ಟುಬಿಡಬೇಕಾಗಿಲ್ಲ. ಲಕ್ಷಣಕ್ಕೆ ಸರಿಹೊಂದುವ 50 ತೆನೆಗಳನ್ನು ಆರಿಸಿ, ಪ್ರತಿಯೊಂದನ್ನೂ ಬೇರೆ ಪೊಟ್ಟಣದಲ್ಲಿಟ್ಟು, ಮುಂದಿನ ಹಂಗಾಮಿನಲ್ಲಿ ಒಂದು ತೆನೆಗೆ ಒಂದು ಸಾಲಿನಂತೆ ಬೆಳೆಯಿರಿ. ಒಂದು ಸಾಲಿನೊಳಗೆ ಗಿಡಗಳು ಬೇರೆ ಬೇರೆಯಾಗಿ ಕಂಡರೆ ಇಡೀ ಸಾಲನ್ನೇ ಬಿಟ್ಟುಬಿಡಿ. ಉಳಿದ ಸಾಲುಗಳ ಬೀಜವನ್ನು ಒಟ್ಟುಗೂಡಿಸಿದರೆ ಅದು ಮುಂದಿನ ಮೂಲ ಬೀಜ. ಈ ಸಾಲುಗಳನ್ನು ನೋಡಲು ಆ ತಳಿಯನ್ನು ಹಿಂದೆ ಬೆಳೆದ ಹಿರಿಯರೊಬ್ಬರನ್ನು ಹೊಲಕ್ಕೆ ಕರೆದೊಯ್ಯುವುದು ಒಳ್ಳೆಯದು.

ತಳಿ ಪೂರ್ತಿ ಕೈತಪ್ಪಿದ್ದರೆ ಹುಡುಕಲು ಜಾಗಗಳಿವೆ. ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಬೆಳೆದು ಉಳಿಸಿದ್ದಾರೆ, ಶಿರಸಿಯ ವನಸ್ತ್ರೀ ಬಳಗ ಹಿತ್ತಿಲ ತರಕಾರಿಯ ಬೀಜಗಳನ್ನು ಕಾಪಾಡಿಕೊಂಡು ಬಂದಿದೆ, ಸಹಜ ಸಮೃದ್ಧ ಸಂಸ್ಥೆ ಬೀಜ ಮೇಳಗಳನ್ನು ನಡೆಸುತ್ತದೆ. ಇಂಥ ಕಡೆ ಮೂಟೆಗಟ್ಟಲೆ ಕೇಳಬೇಡಿ. 100 ಗ್ರಾಂ ಭತ್ತದಲ್ಲಿ ಸುಮಾರು 4000 ಕಾಳುಗಳಿರುತ್ತವೆ, 25 ಸೆಂ.ಮೀ. ಅಂತರದಲ್ಲಿ ಒಂಟಿ ಪೈರು ನೆಟ್ಟರೆ ಎರಡು ಗುಂಟೆಗೆ ಅಷ್ಟು ಸಾಕು. ಅದರಲ್ಲೂ ಮೂರನೆಯ ಒಂದು ಪಾಲನ್ನು ಬಿತ್ತದೆ ಡಬ್ಬಿಯಲ್ಲಿ ಉಳಿಸಿಕೊಳ್ಳಿ, ಮೊದಲ ಬೆಳೆ ಕೊಯ್ದು ಅದರ ಮೊಳಕೆ ಪರೀಕ್ಷೆ ಮುಗಿಯುವವರೆಗೆ ಆ ಡಬ್ಬಿಯನ್ನು ಮುಟ್ಟಬೇಡಿ.